ತೋಟದ ಕೆಲಸಕ್ಕೆ ಮಿನಿ ಟ್ರ್ಯಾಕ್ಟರ್

ಸ್ವರೂಪ

ಸುಮಾರು 11ರಿಂದ 30 ಅಶ್ವಶಕ್ತಿಯ ಎಂಜಿನ್ ಮತ್ತು ಕಿರಿದಾದ ಮೈಕಟ್ಟು ಇರುವ ನಾಲ್ಕು ಚಕ್ರದ ಟ್ರ್ಯಾಕ್ಟರನ್ನು ನಮ್ಮಲ್ಲಿ ಮಿನಿ ಟ್ರ್ಯಾಕ್ಟರ್ ಎನ್ನುತ್ತಾರೆ. ಒಂದು ಅಶ್ವಶಕ್ತಿ ಸುಮಾರು 746 ವ್ಯಾಟ್‌ಗಳಿಗೆ ಸಮ. ಆ ಲೆಕ್ಕದಲ್ಲಿ 15 ಅಶ್ವಶಕ್ತಿಯ ಯಂತ್ರದ ಸಾಮರ್ಥ್ಯ ಸುಮಾರು 11 ಕಿಲೋವ್ಯಾಟ್. ಬಯಲು ಹೊಲಗಳನ್ನು ಉಳುವ ಟ್ರ್ಯಾಕ್ಟರುಗಳಲ್ಲಿ ಇದರ ಮೂರು ಪಟ್ಟು ಶಕ್ತಿ ಇರುವುದು ಸಾಮಾನ್ಯ. ಆದರೆ ತೋಟಗಾರನಿಗೆ ಮುಖ್ಯವಾದದ್ದು ಶಕ್ತಿಯಲ್ಲ, ಅಗಲ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಜೋತುಬಿದ್ದ ಸೋಗೆ, ಹನಿ ನೀರಾವರಿಯ ಕೊಳವೆ, ನಡುವೆ ನೆಟ್ಟ ಬಾಳೆ ಇವನ್ನೆಲ್ಲ ಬಿಟ್ಟು ಉಳಿಯುವ ದಾರಿಯಲ್ಲಿ ನಾಲ್ಕು ಅಡಿಯೊಳಗಿನ ಯಂತ್ರ ಮಾತ್ರ ನಿರಾತಂಕವಾಗಿ ಸಾಗುತ್ತದೆ.

ಕರ್ನಾಟಕಕ್ಕೆ ಈ ವರ್ಗದ ಯಂತ್ರಗಳು ಹೊಸತಲ್ಲ. ಬೆಂಗಳೂರಿನ ವಿಎಸ್‌ಟಿ ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ಸಹಯೋಗದೊಂದಿಗೆ ಆರಂಭವಾಯಿತು. ಪವರ್ ಟಿಲ್ಲರುಗಳ ಜೊತೆಗೆ ಮುಂದೆ ಮಿನಿ ಟ್ರ್ಯಾಕ್ಟರುಗಳನ್ನೂ ತಯಾರಿಸಿತು.

ಕಾರ್ಯವಿಧಾನ

ಮಿನಿ ಟ್ರ್ಯಾಕ್ಟರ್ ಮೂಲತಃ ಚಲಿಸುವ ಶಕ್ತಿಮೂಲ. ಕೆಲಸ ಮಾಡುವುದು ಅದರ ಹಿಂದೆ ಜೋಡಿಸಿದ ಉಪಕರಣ. ಈ ಜೋಡಣೆಯ ಎರಡು ಭಾಗಗಳನ್ನು ಅರಿತರೆ ಉಳಿದದ್ದು ಸುಲಭ.

ಮೊದಲನೆಯದು ತ್ರಿಬಿಂದು ಜೋಡಣೆ. ಕೆಳಗೆ ಎರಡು, ಮೇಲೆ ಒಂದು ತೋಳು ಸೇರಿ ಉಪಕರಣವನ್ನು ಹಿಡಿದುಕೊಳ್ಳುತ್ತವೆ. ಹೈಡ್ರಾಲಿಕ್ ತೈಲದ ಒತ್ತಡ ಅದನ್ನು ಎತ್ತಿ ಇಳಿಸುತ್ತದೆ. ಐರ್ಲೆಂಡ್ ಮೂಲದ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ವ್ಯವಸ್ಥೆ 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನ ಮೂಲಕ ವ್ಯಾಪಕವಾಗಿ ಬಳಕೆಗೆ ಬಂತು. ಅದಕ್ಕೆ ಮುಂಚೆ ನೇಗಿಲನ್ನು ಬಂಡಿಯಂತೆ ಹಿಂದೆ ಎಳೆಯಲಾಗುತ್ತಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೇಳುವ ಅಪಾಯವಿತ್ತು. ಫರ್ಗ್ಯುಸನ್ನನ ಜೋಡಣೆಯಲ್ಲಿ ಮಣ್ಣಿನ ಪ್ರತಿರೋಧ ಮೇಲಿನ ತೋಳಿನ ಮೂಲಕ ಯಂತ್ರವನ್ನು ಮುಂದಕ್ಕೆ ಒತ್ತುತ್ತದೆ, ಹಿಂದಿನ ಚಕ್ರಗಳ ಮೇಲೂ ಭಾರ ಹೇರುತ್ತದೆ. ಹಗುರವಾದ ಟ್ರ್ಯಾಕ್ಟರ್ ತನ್ನ ತೂಕಕ್ಕೆ ಮೀರಿದ ಕೆಲಸ ಮಾಡಲು ಸಾಧ್ಯವಾದದ್ದು ಇದರಿಂದಲೇ.

ಎರಡನೆಯದು ಎಲ್ಲರೂ ಪಿಟಿಒ ಎಂದೇ ಕರೆಯುವ, ಹಿಂಬದಿಯಿಂದ ಹೊರಚಾಚಿದ ತಿರುಗುದಂಡ. ಇದರ ಪ್ರಮಾಣಿತ ವೇಗ ನಿಮಿಷಕ್ಕೆ 540 ಸುತ್ತು. ವೇಗವೂ ದಂಡದ ಅಳತೆಯೂ ಪ್ರಮಾಣಿತವಾಗಿರುವ ಕಾರಣ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಉಪಕರಣ ಹೊಂದಿಕೊಳ್ಳುತ್ತದೆ. ಎಂಜಿನ್ನಿನ ಯಾವ ವೇಗದಲ್ಲಿ ಈ 540 ಸುತ್ತು ದೊರೆಯುತ್ತದೆ ಎಂಬುದನ್ನು ಬಹುತೇಕ ಯಂತ್ರಗಳಲ್ಲಿ ಗುರುತು ಮಾಡಿರುತ್ತಾರೆ.

ಉಪಯೋಗಗಳು

ರೋಟಾವೇಟರಿನಿಂದ ಕಳೆ ತೆಗೆಯುವುದು ಅತಿ ಸಾಮಾನ್ಯ ಬಳಕೆ. ಅತಿಯಾಗಿ ನಡೆಯುವುದೂ ಇದೇ. ಅಡಿಕೆಯ ಪೋಷಕ ಬೇರುಗಳಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲಿ, ಬುಡದಿಂದ ಒಂದು ಮೀಟರ್ ಆಸುಪಾಸಿನಲ್ಲಿ ಹರಡಿರುತ್ತವೆ. ಅಲ್ಲಿ ಆಳವಾಗಿ ರೋಟಾವೇಟರ್ ಹೊಡೆದರೆ ಕಳೆಯ ಜೊತೆಗೆ ಬೇರೂ ತುಂಡಾಗುತ್ತದೆ. ಸಾಲಿನ ನಟ್ಟನಡುವೆ ಎರಡು ಮೂರು ಅಂಗುಲ ಮಣ್ಣು ಸಡಿಲಿಸಿದರೆ ಸಾಕು. ನೆಲ ಇಳಿಜಾರಾಗಿದ್ದರೆ ಮಳೆಗಾಲದಲ್ಲಿ ಮಣ್ಣನ್ನು ಕೆದಕದೆ ಕಳೆಯನ್ನು ಕತ್ತರಿಸಿ ಅಲ್ಲೇ ಹೊದಿಕೆಯಾಗಿ ಬಿಡುವುದು ಲೇಸು.

ಸಾಗಾಟದಲ್ಲಿ ಇದರ ಉಪಕಾರ ಹೆಚ್ಚು, ವಿವಾದ ಕಡಿಮೆ. ಕೊಟ್ಟಿಗೆ ಗೊಬ್ಬರವನ್ನು ಬುಡದವರೆಗೆ ಒಯ್ಯುವುದು, ಅಡಿಕೆ ಗೊನೆ ಮತ್ತು ತೆಂಗಿನಕಾಯಿಯನ್ನು ಅಂಗಳಕ್ಕೆ ತರುವುದು ಮೊದಲಾದ ಕೆಲಸಗಳಿಗೆ ಸಣ್ಣ ಟ್ರೇಲರ್ ಇದ್ದರೆ ಸಾಕು. ಪಿಟಿಒಗೆ ಸ್ಪ್ರೇಯರ್ ಪಂಪ್, ಗುಂಡಿ ತೋಡುವ ಆಗರ್, ಮೇವು ಕತ್ತರಿಸುವ ಯಂತ್ರಗಳನ್ನೂ ಜೋಡಿಸಬಹುದು. ಸೋಗೆ ಮತ್ತು ತೆಂಗಿನ ಗರಿಯನ್ನು ಪುಡಿಮಾಡುವ ಯಂತ್ರವಿದ್ದರೆ ಸುಟ್ಟು ಬೂದಿಯಾಗುತ್ತಿದ್ದ ಕಸ ಗೊಬ್ಬರದ ಗುಂಡಿ ಸೇರುತ್ತದೆ.

ವಿದ್ಯುತ್ ಇಲ್ಲದಾಗ ಪಿಟಿಒದಿಂದ ಆಲ್ಟರ್ನೇಟರ್ ತಿರುಗಿಸಿ ಪಂಪ್ ನಡೆಸುವವರಿದ್ದಾರೆ. ಇಲ್ಲಿ ಎಚ್ಚರಬೇಕು: ವಿದ್ಯುತ್ ಮೋಟಾರು ಚಾಲೂ ಆಗುವ ಕ್ಷಣದಲ್ಲಿ, ಓಡುವಾಗ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಕಾಗದದ ಮೇಲೆ ಸರಿಹೊಂದುವ ಲೆಕ್ಕ ತೋಟದಲ್ಲಿ ತಪ್ಪುವುದು ಇದೇ ಕಾರಣಕ್ಕೆ.

ಎಲ್ಲ ತೋಟಗಳಿಗೂ ಈ ಯಂತ್ರ ಹೊಂದುವುದಿಲ್ಲ. ಚನ್ನಗಿರಿ, ತುಮಕೂರು ಕಡೆಯ ಸಮತಟ್ಟಾದ ತೋಟಗಳಿಗೆ ಇದು ಒಪ್ಪುತ್ತದೆ. ಮಲೆನಾಡಿನ ಕಣಿವೆಗಳಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೋಡಿದ ಹಳೆಯ ತೋಟಗಳಿಗೆ ಇಳಿಯಲು ದಾರಿಯೇ ಇರುವುದಿಲ್ಲ. ಅಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಗಳೇ ಗತಿ.

ಅಪಾಯಗಳು

ಗಾತ್ರ ಚಿಕ್ಕದೆಂದು ಅಪಾಯವೂ ಚಿಕ್ಕದಾಗುವುದಿಲ್ಲ. ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ದಂಡದ ಸುತ್ತಳತೆ 20 ಸೆಂಟಿಮೀಟರ್ ಇದ್ದರೆ, ಸೆಕೆಂಡಿಗೆ ಸುಮಾರು 1.8 ಮೀಟರ್ ಬಟ್ಟೆಯನ್ನು ಅದು ಸುತ್ತಿಕೊಳ್ಳಬಲ್ಲದು. ಪಂಚೆಯ ಅಂಚು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ದಂಡದ ಮೇಲಿನ ಪ್ಲಾಸ್ಟಿಕ್ ಕವಚವನ್ನು ಅಡ್ಡಿಯೆಂದು ಕಳಚಿಡುವ ರೂಢಿ ಮಾರಕವಾದದ್ದು.

ಉರುಳುವುದು ಇನ್ನೊಂದು ಅಪಾಯ. ಬೊಡ್ಡೆ ಕೀಳಲು ಸರಪಳಿಯನ್ನು ಹಿಂದಿನ ಆಕ್ಸಲ್‌ಗಿಂತ ಎತ್ತರದಲ್ಲಿ ಬಿಗಿದರೆ, ಬೊಡ್ಡೆ ಕದಲದಿದ್ದಾಗ ಟ್ರ್ಯಾಕ್ಟರಿನ ಮುಂಭಾಗವೇ ಮೇಲೆದ್ದು ಚಾಲಕನ ಮೇಲೆ ಮಗುಚಬಹುದು. ಇದಕ್ಕೆ ಎರಡು ಸೆಕೆಂಡೂ ಬೇಕಿಲ್ಲ. ಆದ್ದರಿಂದ ಎಳೆಯುವ ಕೊಂಡಿ ಸದಾ ತಗ್ಗಿನಲ್ಲಿರಬೇಕು. ಚಾಲಕನ ಹಿಂದೆ ನಿಲ್ಲಿಸುವ ಉಕ್ಕಿನ ರಕ್ಷಣಾ ಚೌಕಟ್ಟನ್ನು ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯಗೊಳಿಸಿತು. ಚೌಕಟ್ಟು ಇದ್ದಾಗ ಸೀಟ್ ಬೆಲ್ಟ್ ಬೇಕೇ ಬೇಕು. ಇಲ್ಲವಾದರೆ ಚಾಲಕ ಆಸನದಿಂದ ಎಸೆಯಲ್ಪಟ್ಟು ಅದೇ ಚೌಕಟ್ಟಿನಡಿ ಸಿಲುಕಬಹುದು.

ಎಡ ಮತ್ತು ಬಲ ಹಿಂಚಕ್ರಗಳಿಗೆ ಪ್ರತ್ಯೇಕ ಬ್ರೇಕುಗಳಿರುವುದು ಸಾಲಿನ ತುದಿಯಲ್ಲಿ ಬೇಗ ತಿರುಗಲೆಂದು. ರಸ್ತೆಗೆ ಇಳಿಯುವ ಮುನ್ನ ಎರಡೂ ಪೆಡಲುಗಳನ್ನು ಚಿಲಕ ಹಾಕಿ ಒಂದುಗೂಡಿಸದಿದ್ದರೆ, ಬ್ರೇಕ್ ಒತ್ತಿದಾಗ ವಾಹನ ಒಂದೇ ಬದಿಗೆ ಎಳೆಯುತ್ತದೆ.

ಖರೀದಿ ಮತ್ತು ಬಾಡಿಗೆ

ಒಂದೆರಡು ಎಕರೆಯ ತೋಟದಲ್ಲಿ ವರ್ಷದ ಬಹುಕಾಲ ಈ ಯಂತ್ರ ಸುಮ್ಮನೆ ನಿಂತಿರುತ್ತದೆ. ಅಂಥವರಿಗೆ ಬಾಡಿಗೆಯೇ ಮೇಲು. ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಒದಗಿಸುತ್ತವೆ. ಕೊಳ್ಳುವವರು ತಮ್ಮ ತೋಟದ ಅತಿ ಕಿರಿದಾದ ಸಾಲನ್ನು ಅಳೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಹಳೆಯ ಯಂತ್ರವಾದರೆ ಅದರ ವಯಸ್ಸನ್ನು ಕಿಲೋಮೀಟರಿನಲ್ಲಿ ಅಲ್ಲ, ಓಡಿದ ಗಂಟೆಗಳಲ್ಲಿ ಎಣಿಸಬೇಕು. ಗಂಟೆಮಾಪಕ ಕೆಟ್ಟಿದ್ದರೆ ಪಿಟಿಒ ದಂಡದ ಹಲ್ಲುಗಳ ಸವೆತವನ್ನೂ ಕೆಳತೋಳಿನ ಪಿನ್ನುಗಳ ಸಡಿಲವನ್ನೂ ನೋಡಿ ದುಡಿಮೆಯ ಪ್ರಮಾಣವನ್ನು ಊಹಿಸಬಹುದು.