ಅರಮನೆಯಿಂದ ನದಿಯ ಏರಿಗೆ

ವಸಂತಕಾಲವು ಬಂದೊಡನೆ ಜಪಾನು ದೇಶದ ಜನರು ಬುತ್ತಿ ಕಟ್ಟಿಕೊಂಡು ಸಂಸಾರಸಮೇತರಾಗಿ ಉದ್ಯಾನಗಳಿಗೂ ನದೀತೀರಗಳಿಗೂ ಹೋಗಿ, ಅರಳಿದ ಸಕುರ ವೃಕ್ಷಗಳ ಅಡಿಯಲ್ಲಿ ಚಾಪೆ ಹಾಸಿ ಕುಳಿತು, ಉಂಡು ಹಾಡಿ ಹಗಲನ್ನು ಕಳೆಯುವರು. ಇದಕ್ಕೆ ಅವರ ಭಾಷೆಯಲ್ಲಿ ‘ಹನಮಿ’ ಎಂದು ಹೆಸರು; ಹೂ ನೋಡುವುದು ಎಂದಿಷ್ಟೇ ಅರ್ಥ. ಈ ಹಬ್ಬದ ದಿನವನ್ನು ಪಂಚಾಂಗವು ಹೇಳುವುದಿಲ್ಲ, ಮರವೇ ಹೇಳುವುದು.

ಆದರೆ ಮೊದಲು ಇದು ಆಸ್ಥಾನದ ವಿನೋದವಾಗಿದ್ದಿತು. ಎಂಟನೆಯ ಶತಮಾನದ ಜಪಾನೀ ಕವಿಗಳಿಗೆ ಚೀನದಿಂದ ಬಂದ ‘ಉಮೆ’ ಎಂಬ ಮರದ ಹೂವೇ ಹೆಚ್ಚು ಪ್ರಿಯ. 812ರಲ್ಲಿ ಸಾಗ ಚಕ್ರವರ್ತಿಯು ಕ್ಯೋಟೋ ನಗರದ ರಾಜೋದ್ಯಾನದಲ್ಲಿ ವಿದ್ವಾಂಸರನ್ನು ಕೂಡಿಸಿ ಹೂ ನೋಡುವ ಗೋಷ್ಠಿಯನ್ನು ನಡೆಯಿಸಿದನು. 1598ರಲ್ಲಿ ಹಿದೆಯೋಶಿ ಎಂಬ ಪ್ರಬಲನು ದೈಗೋ ದೇವಾಲಯದ ಬಳಿ ಸುಮಾರು 700 ಮರಗಳನ್ನು ತಂದು ನೆಡಿಸಿ, ಸುಮಾರು 1300 ಮಂದಿಗೆ ಔತಣವಿತ್ತನು. ಅದೇ ವರ್ಷವೇ ತೀರಿಕೊಂಡನು. ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನವಿಹಾರವೂ ಒಂದಷ್ಟೆ. ಅಲ್ಲಿಯೂ ವಿಹರಿಸತಕ್ಕವರು ರಾಜರಾಣಿಯರೇ ಹೊರತು ಊರ ಕುಂಬಾರನಲ್ಲ.

ಕುಂಬಾರನಿಗೂ ಹೂವಿನ ನೆರಳನ್ನು ದೊರಕಿಸಿದವನು ಯೋಶಿಮುನೆ. ಇವನು 1716ರಿಂದ 1745ರ ವರೆಗೆ ‘ಶೋಗನ್’ ಪದವಿಯಲ್ಲಿದ್ದು ದೇಶವನ್ನಾಳಿದನು. ಅವನ ರಾಜಧಾನಿಯಾದ ಎದೋ ಎಂಬುದೇ ಇಂದಿನ ಟೋಕಿಯೋ. ಅಲ್ಲಿಯ ಉಎನೋ ಗುಡ್ಡದಲ್ಲಿ ಸಕುರ ಮರಗಳಿದ್ದವು. ಆದರೆ ಅದು ಶೋಗನ್ ಮನೆತನದ ದೇವಾಲಯದ ನೆಲವಾದುದರಿಂದ ಪಾನಗಾನಗಳಿಗೆ ನಿಷೇಧ, ಸಂಜೆಗೆ ಬಾಗಿಲು ಮುಚ್ಚುವುದು. ಯೋಶಿಮುನೆಯು ಸುಮಿದಾ ನದಿಯ ಏರಿಯ ಮೇಲೂ, 1720ರಿಂದ ಮುಂದಿನ ವರ್ಷದೊಳಗೆ ಅಸುಕಯಾಮ ಗುಡ್ಡದ ಮೇಲೂ ಸಸಿಗಳನ್ನು ನೆಡಿಸಿದನು. ಅಸುಕಯಾಮದಲ್ಲಿ ನೆಟ್ಟವು 1270. ಅಲ್ಲಿ ಪೇಟೆಯ ಜನರು ಮನಬಂದಂತೆ ಉಣ್ಣಬಹುದು, ಕುಡಿಯಬಹುದು, ಕುಣಿಯಬಹುದು. ಹೂ ನೋಡಬಂದವರ ಕಾಲ್ತುಳಿತದಿಂದ ನದಿಯ ಏರಿಯು ಗಟ್ಟಿಯಾಗಲೆಂಬ ಯೋಚನೆಯೂ ಅವನಿಗೆ ಇದ್ದಿತೆಂದು ಹೇಳುವರು. ಅದು ನಿಜವಾದರೆ, ಪ್ರಜೆಗಳು ನಗುನಗುತ್ತ ತೆತ್ತ ಕಂದಾಯವು ಲೋಕದಲ್ಲಿ ಇದೊಂದೇ ಇರಬೇಕು!

1737ರಲ್ಲಿ ಅಸುಕಯಾಮದಲ್ಲಿ ಒಂದು ಶಿಲಾಶಾಸನವನ್ನು ನಿಲ್ಲಿಸಿದರು. ಅದರ ಚೀನೀ ಬರವಣಿಗೆಯು ಎಷ್ಟು ಪ್ರೌಢವೆಂದರೆ, ಓದಲಾರದ ಜನರು ಅದರ ಮೇಲೆ ಪರಿಹಾಸ್ಯದ ಪದ್ಯಗಳನ್ನೇ ಕಟ್ಟಿದರು. ಪಂಡಿತರಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಗತಿ. ಆ ಕಲ್ಲು ಇಂದಿಗೂ ಅಲ್ಲಿಯೇ ಇರುವುದು. ಆ ಗುಡ್ಡವು 1873ರಲ್ಲಿ ಸಾರ್ವಜನಿಕ ಉದ್ಯಾನವಾಯಿತು.

ಇದೇ ಪರಂಪರೆಯಲ್ಲಿ 1886ರಲ್ಲಿ ಅರಕಾವ ನದಿಯ ಏರಿಯನ್ನು ದುರಸ್ತು ಮಾಡಿದಾಗ ಅದರ ಉದ್ದಕ್ಕೂ 78 ಜಾತಿಯ ಸಕುರಗಳನ್ನು ನೆಟ್ಟರು. ಹಳೆಯ ಪ್ರಭುಗಳ ತೋಟಗಳು ಹಾಳಾಗುತ್ತಿದ್ದ ಆ ಕಾಲದಲ್ಲಿ ಎಷ್ಟೋ ಜಾತಿಗಳಿಗೆ ಈ ಏರಿಯೇ ಆಶ್ರಯವಾಯಿತು. ಈ ಮರಗಳಿಂದ ಕಡ್ಡಿಗಳನ್ನು ತೆಗೆದು ಕಸಿ ಮಾಡಿ, 1912ರಲ್ಲಿ ಟೋಕಿಯೋ ನಗರದವರು 3020 ಸಸಿಗಳನ್ನು ಅಮೆರಿಕದ ವಾಷಿಂಗ್ಟನ್ ನಗರಕ್ಕೆ ಕಾಣಿಕೆಯಾಗಿ ಕಳುಹಿಸಿದರು. ಅವು ಪೊಟೋಮ್ಯಾಕ್ ನದಿಯ ಬಳಿ ಬೇರೂರಿದವು. 1941ರ ಡಿಸೆಂಬರಿನಲ್ಲಿ ಉಭಯ ದೇಶಗಳಿಗೂ ಯುದ್ಧವು ಹೊತ್ತಿದಾಗ, ಅವುಗಳಲ್ಲಿ ನಾಲ್ಕು ಮರಗಳನ್ನು ಯಾರೋ ಕಡಿದುಹಾಕಿದರು. ಉಳಿದವುಗಳಿಗೆ ಅಪಾಯವಾಗಲಿಲ್ಲ. ಇತ್ತ ಅರಕಾವದ ಏರಿಯ ಮೇಲಿನ ಮೂಲವೃಕ್ಷಗಳೇ ಯುದ್ಧಕಾಲದಲ್ಲಿ ಕ್ಷೀಣಿಸಿಹೋದವು. 1952ರಲ್ಲಿ ಜಪಾನಿನವರು ಸಹಾಯ ಕೇಳಲು, ಅಮೆರಿಕದವರು ಪೊಟೋಮ್ಯಾಕ್ ತೀರದ ಮರಗಳಿಂದ ಕಸಿಕಡ್ಡಿಗಳನ್ನು ತೆಗೆದು ಟೋಕಿಯೋ ನಗರಕ್ಕೆ ಕಳುಹಿಸಿಕೊಟ್ಟರು.