ಸುಂಟರಗಾಳಿ: ಅದರ ಚರಿತ್ರೆ ಮತ್ತು ಬಸವಕಲ್ಯಾಣ–ಹುಮನಾಬಾದ್ ಸೀಮೆ

ಗುಡುಗುಮೋಡದ ತಳದಿಂದ ನೆಲದವರೆಗೆ ಇಳಿದು, ಅತಿವೇಗದಿಂದ ತಿರುಗುತ್ತ ಮುನ್ನಡೆಯುವ ವಾಯುಸ್ತಂಭವೇ ಸುಂಟರಗಾಳಿ. ಬೇಸಗೆಯ ಮಧ್ಯಾಹ್ನಗಳಲ್ಲಿ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಬರಿಯ ಎರೆಹೊಲಗಳಲ್ಲಿ ಧೂಳನ್ನೂ ತರಗೆಲೆಯನ್ನೂ ಎತ್ತಿ ಕುಣಿಸಿ ಕ್ಷಣದಲ್ಲಿ ಅಡಗುವ ಸುಳಿಗಾಳಿಯು ಕಾದ ನೆಲದಿಂದ ಹುಟ್ಟುವಂಥದು. ಅದಕ್ಕೂ ಇದಕ್ಕೂ ಆಕಾರಸಾಮ್ಯವಲ್ಲದೆ ಬೇರೆ ನಂಟಿಲ್ಲ.

ಭಾರತೋಪಖಂಡದಲ್ಲಿ ಈ ಉತ್ಪಾತದ ಚರಿತ್ರೆಯು ಬಹುಮಟ್ಟಿಗೆ ವಂಗದೇಶದ ಚರಿತ್ರೆಯೇ ಆಗಿದೆ. 1838ರ ಏಪ್ರಿಲ್ 8ರಂದು ಕಲ್ಕತ್ತೆಯ ಸಮೀಪದಲ್ಲಿ ಎದ್ದ ಸುಂಟರಗಾಳಿಗೆ 215 ಮಂದಿ ಬಲಿಯಾದರು. 1978ರ ಮಾರ್ಚ್ 17ರಂದು ಉತ್ತರ ದಿಲ್ಲಿಯನ್ನು ಕೆಲವೇ ನಿಮಿಷಗಳ ಕಾಲ ಹಾಯ್ದ ಗಾಳಿ 28 ಜನರನ್ನು ಕೊಂದಿತು. ಆದರೆ ಇವೆಲ್ಲವನ್ನೂ ಮೀರಿಸಿದ್ದು, ತಿಂಗಳುಗಟ್ಟಲೆ ಅನಾವೃಷ್ಟಿಯಿಂದ ಬಳಲಿ ಮಳೆಗಾಗಿ ಪ್ರಾರ್ಥಿಸುತ್ತಿದ್ದ ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯ ಮೇಲೆ 1989ರ ಏಪ್ರಿಲ್ 26ರಂದು ಎರಗಿ, ದೌಲತ್‌ಪುರ, ಸಾಟೂರಿಯಾ ಊರುಗಳನ್ನು ನೆಲಸಮಮಾಡಿ, ಸುಮಾರು 1,300 ಪ್ರಾಣಗಳನ್ನು ಅಪಹರಿಸಿದ ಗಾಳಿ. ಲೋಕದಲ್ಲಿ ಇದಕ್ಕಿಂತ ಘಾತುಕವಾದ ಸುಂಟರಗಾಳಿ ದಾಖಲೆಯಲ್ಲಿಲ್ಲ. ಅಮೆರಿಕೆಯಲ್ಲಿ 1925ರ ಮಾರ್ಚ್ 18ರಂದು ಮೂರು ರಾಜ್ಯಗಳನ್ನು ಸೀಳಿಕೊಂಡು ಸುಮಾರು 350 ಕಿಲೋಮೀಟರ್ ಓಡಿದ ಸುಂಟರಗಾಳಿಗೆ ಸತ್ತವರು 695. ಗಾಳಿಯ ಬಲವೊಂದರಿಂದಲೇ ಈ ಅಂತರವನ್ನು ವಿವರಿಸಲಾಗದು. ಬಿದಿರಿನ ತಡಿಕೆ, ತಗಡಿನ ಮಾಡುಗಳ ದಟ್ಟ ಜನವಸತಿಯೂ ಮುನ್ಸೂಚನೆಯ ಅಭಾವವೂ ಲೆಕ್ಕಕ್ಕೆ ಬರಬೇಕು.

ಕೆಳಗೆ ಸಮುದ್ರದ ಆರ್ದ್ರವಾಯು, ಅದರ ಮೇಲೆ ಒಣಗಾಳಿ, ಇನ್ನೂ ಮೇಲಕ್ಕೆ ಹೋದಂತೆ ದಿಕ್ಕನ್ನೂ ವೇಗವನ್ನೂ ತೀವ್ರವಾಗಿ ಬದಲಿಸುವ ಮಾರುತ, ಇವು ಮೂರೂ ಕೂಡಿದಲ್ಲಿ ಮೋಡವೇ ತಿರುಗತೊಡಗುತ್ತದೆ. ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳಿರುವ ಬೀದರ ಜಿಲ್ಲೆಯ ಪ್ರಸ್ಥಭೂಮಿಯಲ್ಲಿ ಮೊದಲೆರಡಕ್ಕೆ ಕೊರತೆಯಿಲ್ಲ: ಚೈತ್ರ ವೈಶಾಖಗಳಲ್ಲಿ ಬಂಗಾಳ ಕೊಲ್ಲಿಯ ತೇವವೂ ವಾಯವ್ಯದ ಶುಷ್ಕವಾಯುವೂ ದಖ್ಖನಿನ ಮೇಲೆ ಸಂಧಿಸಿ, ಸಿಡಿಲನ್ನೂ ಆಲಿಕಲ್ಲನ್ನೂ ಕೂಡಿಕೊಂಡ ಅಡ್ಡಮಳೆಯನ್ನು ತರುತ್ತವೆ. ಮೂರನೆಯದು ಮಾತ್ರ ಇಲ್ಲಿ ದುರ್ಬಲ. ಆ ಋತುವಿನಲ್ಲಿ ಉನ್ನತ ವಾಯುಮಂಡಲದ ಪಶ್ಚಿಮಪ್ರವಾಹವು ಉತ್ತರದ ಬಯಲಿನ ಮೇಲೆ ಹರಿಯುವುದರಿಂದ, 18 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಈ ತಾಲೂಕುಗಳಲ್ಲಿ ನಿಜವಾದ ಪ್ರಚಂಡ ಸುಂಟರಗಾಳಿ ಅತಿ ವಿರಳ.

ಹಾಗೆಂದು ಹಾನಿಯೇನೂ ಅಲ್ಪವಲ್ಲ. 2014ರ ಫೆಬ್ರವರಿಯ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮರಾಠವಾಡದಲ್ಲೂ ಅದಕ್ಕೆ ಹೊಂದಿಕೊಂಡ ಉತ್ತರ ಕರ್ನಾಟಕದಲ್ಲೂ ಮತ್ತೆ ಮತ್ತೆ ಸುರಿದ ಆಲಿಕಲ್ಲು, ಕೊಯ್ಲಿಗೆ ಬಂದಿದ್ದ ಹಿಂಗಾರಿ ಬೆಳೆಯನ್ನು ಹೊಲದಲ್ಲಿಯೇ ಮಲಗಿಸಿತು. ಬಿರುಗಾಳಿಗೆ ಮೊದಲು ಹಾರುವುದು ತಗಡು. ಹಳೆಯ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಗಾಳಿಯನ್ನು ತಡೆದುಕೊಳ್ಳುವುವು, ದೀರ್ಘವರ್ಷೆಗೆ ಮಾತ್ರ ಕುಸಿಯುವುವು.

ಜಪಾನಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ದುಡಿದ ಟೆಟ್ಸುಯಾ ಫುಜಿತಾ, ಹಾನಿಯ ಪ್ರಮಾಣದಿಂದ ಗಾಳಿಯ ವೇಗವನ್ನು ಅಂದಾಜುಮಾಡುವ ಮಾನವನ್ನು 1971ರಲ್ಲಿ ರಚಿಸಿದನು. ಅದರ ಪರಿಷ್ಕೃತ ರೂಪ 2007ರಿಂದ ಅಮೆರಿಕೆಯಲ್ಲಿ ಬಳಕೆಯಲ್ಲಿದೆ. ಮೋಡದಿಂದ ನೇರವಾಗಿ ಕೆಳಕ್ಕೆ ಬಿದ್ದು ನೆಲದ ಮೇಲೆ ಹರಡುವ ಗಾಳಿಯನ್ನು ಸುಂಟರಗಾಳಿಯಿಂದ ಬೇರ್ಪಡಿಸಿ ತೋರಿಸಿದವನೂ ಆತನೇ. ಮರಗಳು ಒಂದೇ ದಿಕ್ಕಿಗೆ, ಇಲ್ಲವೆ ಒಂದು ಕೇಂದ್ರದಿಂದ ಹೊರಮುಖವಾಗಿ ಉರುಳಿದ್ದರೆ ಅದು ಬೀಳುಗಾಳಿಯ ಕೆಲಸ. ಕಿರಿದಾದ ಪಟ್ಟಿಯೊಂದರಲ್ಲಿ ಪರಸ್ಪರಾಭಿಮುಖವಾಗಿ ಬಿದ್ದಿದ್ದರೆ ಸುಂಟರಗಾಳಿಯದು. ಏಪ್ರಿಲ್ ಮಳೆಯ ಮರುದಿನ ಮಾವಿನ ತೋಪಿಗೆ ಹೋದವರು ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆಯಿದು.