ಎರಡು ವೋಲ್ಟೇಜಿನ ಚೌಕ

ಮೆಲ್ಬರ್ನ್‌ನ ಉಪನಗರ ರೈಲು ಓಡುವುದು 1500 ವೋಲ್ಟ್ ಡಿ.ಸಿ. ಕರೆಂಟಿನಲ್ಲಿ, ಟ್ರಾಮು 600 ವೋಲ್ಟಿನಲ್ಲಿ. ಎರಡಕ್ಕೂ ಕರೆಂಟು ಬರುವುದು ತಲೆಯ ಮೇಲಿನ ತಂತಿಯಿಂದಲೇ. ಕೂಯಾಂಗ್ ಸ್ಟೇಷನ್ನಿನ ಪಕ್ಕದ ಗ್ಲೆನ್‌ಫೆರಿ ರಸ್ತೆಯಲ್ಲಿ ಟ್ರಾಮು ರೈಲುಹಳಿಯನ್ನು ನೆಲಮಟ್ಟದಲ್ಲೇ ದಾಟುತ್ತದೆ. ಅಲ್ಲಿ ತಂತಿಯಲ್ಲಿರುವುದು ಯಾರ ಕರೆಂಟು?

ಇಬ್ಬರದ್ದೂ, ಆದರೆ ಸರದಿಯ ಮೇಲೆ. ಹಳಿಗಳು ಕೂಡುವಲ್ಲಿನ ತಂತಿಯ ಚೌಕವನ್ನು ನಾಲ್ಕೂ ಕಡೆ ಇನ್ಸುಲೇಟರ್ ಹಾಕಿ ಬೇರ್ಪಡಿಸಿದ್ದಾರೆ. ಟ್ರಾಮಿಗೆ ದಾರಿ ಬಿಟ್ಟಾಗ ಚೌಕಕ್ಕೆ 600 ವೋಲ್ಟ್, ರೈಲಿಗೆ ಬಿಟ್ಟಾಗ 1500. ಈ ಬದಲಾವಣೆ ಸಿಗ್ನಲ್ಲಿಗೆ ಹೆಣೆದುಕೊಂಡಿದೆ. ತಪ್ಪಿದರೆ ಏನಾದೀತು ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು: ಎರಡೂವರೆ ಪಟ್ಟು ವೋಲ್ಟೇಜು ಬಿದ್ದರೆ ಟ್ರಾಮಿನ ಹೀಟರು ಎಳೆಯುವ ಶಕ್ತಿ ಆರು ಪಟ್ಟಿಗೂ ಮೀರುತ್ತದೆ. ರೈಲಿಗೆ 600 ಸಿಕ್ಕರೆ ಅದು ಸುಡುವುದಿಲ್ಲ, ನಿತ್ರಾಣವಾಗುತ್ತದೆ ಅಷ್ಟೆ.

ಎಂಜಿನಿಯರಿಂಗ್ ಇಷ್ಟು. ನನ್ನನ್ನು ಹಳೆಯ ವರದಿಗಳತ್ತ ಎಳೆದದ್ದು ಬೇರೆ ಪ್ರಶ್ನೆ: ಒಂದೇ ಊರಿನಲ್ಲಿ ಇಂಥ ಜಗಳಗಂಟ ಜೋಡಿಯನ್ನು ತಂದಿಟ್ಟವರು ಯಾರು?

ರೈಲ್ವೆಯ ಕಾಗದಪತ್ರ ಒಂದು ರಾಶಿ, ಟ್ರಾಮಿನದು ಇನ್ನೊಂದು. ರೈಲಿನ ಚರಿತ್ರೆ ಬರೆಯುವವರಿಗೆ ಟ್ರಾಮು ಅಡಿಟಿಪ್ಪಣಿ. ಟ್ರಾಮಿನವರಿಗೆ ರೈಲು ಒಂದು ಅಡ್ಡಿ. ಎರಡೂ ರಾಶಿಯ ಇಸವಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡಾಗಲೇ ಉತ್ತರ ಕಂಡದ್ದು. ಪ್ರಾಹ್ರನ್ ಮತ್ತು ಮಾಲ್ವರ್ನ್ ಟ್ರಾಮ್‌ವೇಸ್ ಟ್ರಸ್ಟ್ ವಿದ್ಯುತ್ ಟ್ರಾಮ್ ಶುರುಮಾಡಿದ್ದು 1910ರಲ್ಲಿ. ಹಾಥಾರ್ನ್ ಟ್ರಸ್ಟಿನದು 1916ರಲ್ಲಿ. ಇವು ಪುರಸಭೆಗಳು ಕೂಡಿ ಕಟ್ಟಿಕೊಂಡ ಸಂಸ್ಥೆಗಳು. ಆಗ ಆ ಭಾಗದ ರೈಲುಗಳೆಲ್ಲ ಉಗಿಬಂಡಿ! ಹಳಿಯ ಮೇಲೆ ಒಂದೇ ತಂತಿ, ಅದು ಟ್ರಾಮಿನದು. ವೋಲ್ಟೇಜಿನ ತಕರಾರೇ ಇಲ್ಲ.

ರೈಲಿಗೆ ವಿದ್ಯುತ್ ತರುವ ಯೋಜನೆ ಹಾಕಿಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಮರ್ಜ್. ಮೊದಲ ವಿದ್ಯುತ್ ರೈಲು 1919ರ ಮೇ ತಿಂಗಳಲ್ಲಿ ಸ್ಯಾಂಡ್ರಿಂಗ್‌ಹ್ಯಾಮ್ ಮತ್ತು ಎಸೆಂಡನ್ ನಡುವೆ ಓಡಿತು. ಇಂಥದೇ ಇನ್ನೊಂದು ಚೌಕವಿದ್ದ ಗ್ಲೆನ್ ಹಂಟ್ಲಿಯ ಮೇಲೆ ಹಾಯುವ ಫ್ರಾಂಕ್‌ಸ್ಟನ್ ದಾರಿಗೆ 1500 ವೋಲ್ಟಿನ ತಂತಿ ಬಂದದ್ದು 1922ರಲ್ಲಿ. ಅಷ್ಟರೊಳಗೆ, 1920ರಲ್ಲಿ, ಟ್ರಸ್ಟುಗಳು ಮೆಲ್ಬರ್ನ್ ಮಹಾನಗರದ ಟ್ರಾಮ್‌ವೇ ಮಂಡಳಿಯ ಕೈಸೇರಿದ್ದವು. ರೈಲ್ವೆಯೂ ಅದೂ ಬೇರೆಬೇರೆ ಸಂಸ್ಥೆ, ಹಳಿಯ ಅಗಲವೂ ಬೇರೆ: ರೈಲಿನದು 1600 ಮಿಲಿಮೀಟರ್, ಟ್ರಾಮಿನದು 1435. ಇಬ್ಬರಲ್ಲಿ ಯಾರೂ ಬದಲಾಗುವ ಹಾಗಿರಲಿಲ್ಲ. ಸೇತುವೆ ದುಬಾರಿ, ಸ್ವಿಚ್ಚು ಅಗ್ಗ. ತಪ್ಪು ಯಾರದೆಂದು ಕೇಳಿದರೆ, ಆಗಲೇ ಸೇತುವೆಗೆ ಹಣ ಕೂಡಿಸದ ಇಬ್ಬರದ್ದೂ ಎಂದೇ ನನ್ನ ತೀರ್ಮಾನ.

ಆ ಉಳಿತಾಯದ ಬೆಲೆಯನ್ನು ಪ್ರಯಾಣಿಕರು ನೂರು ವರ್ಷ ತೆತ್ತರು. ಗ್ಲೆನ್ ಹಂಟ್ಲಿಯ ಚೌಕದಲ್ಲಿ ರೈಲಿನ ವೇಗ ಗಂಟೆಗೆ 20 ಕಿಲೋಮೀಟರ್ ಮೀರುವಂತಿರಲಿಲ್ಲ. ಸುಮಾರು 140 ಮೀಟರ್ ಉದ್ದದ ಆರು ಬೋಗಿಯ ಗಾಡಿ ಆ ವೇಗದಲ್ಲಿ ದಾಟಲು ಅರ್ಧ ನಿಮಿಷ ಹತ್ತಿರ ಬೇಕು. ಅಷ್ಟೂ ಹೊತ್ತು ಟ್ರಾಮು, ಕಾರು, ಜನ ಎಲ್ಲ ಕಾಯಬೇಕು.

ಇಂಥ ನಾಲ್ಕು ಚೌಕಗಳು ಈ ಶತಮಾನದವರೆಗೂ ಉಳಿದಿದ್ದವು. ಗಾರ್ಡಿನರ್‌ನದು 2016ರಲ್ಲಿ ಹೋಯಿತು, ಗ್ಲೆನ್ ಹಂಟ್ಲಿಯದು 2023ರಲ್ಲಿ. ಎರಡೂ ಕಡೆ ರೈಲನ್ನೇ ನೆಲದ ಮಟ್ಟದಿಂದ ಕೆಳಗಿಳಿಸಿದರು. ಆಮೇಲೆ ಉಳಿದವು ಕೂಯಾಂಗ್ ಮತ್ತು ರಿವರ್ಸ್‌ಡೇಲ್ ಮಾತ್ರ. ಮೆಲ್ಬರ್ನ್‌ನಲ್ಲಿರುವ ಕನ್ನಡಿಗರು 16ನೇ ನಂಬರಿನ ಟ್ರಾಮ್ ಹತ್ತಿ ಕೂಯಾಂಗ್‌ನಲ್ಲಿ ಇಳಿದು ನೋಡಿ. ಹಳಿಯನ್ನಲ್ಲ, ಮೇಲಿನ ತಂತಿಯನ್ನು.